ಹರಟೆ

ಹರಟೆ (ನಾಮಪದ): ‘ಹರಟು’ ಎಂಬ ಕ್ರಿಯಾಪದದಿಂದ ಬಂದದ್ದು. ಗೊತ್ತುಗುರಿಯಿಲ್ಲದೆ ಮಾತಾಡುವುದು ಎಂದು ಅರ್ಥ. ಬಳಕೆಯಲ್ಲಿ ಇದಕ್ಕೆ ಮರ್ಯಾದೆ ಕಡಿಮೆ: ಹರಟೆ ಹೊಡೆಯುತ್ತಾರೆ, ಕೊಚ್ಚುತ್ತಾರೆ, ಹುರುಳಿಲ್ಲದ್ದು ಒಣಹರಟೆ, ಮಿತಿಮೀರಿದ್ದು ಕಾಡುಹರಟೆ, ಕೂತಲ್ಲಿಂದ ಏಳದವನು ಹರಟೆಮಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಪದಕ್ಕೆ ಸಾಹಿತ್ಯದ ಅರ್ಥವೂ ಕೂಡಿಕೊಂಡಿತು. ಫ್ರಾನ್ಸಿನ ಮಾಂಟೇನ್ 1580ರಲ್ಲಿ ಪ್ರಕಟಿಸಿದ ಆತ್ಮೀಯ ಬರಹಗಳ ಜಾಡು ಕನ್ನಡದಲ್ಲಿ ಲಲಿತ ಪ್ರಬಂಧವಾಯಿತು, ಹರಟೆಯೂ ಆಯಿತು. ಮೈಸೂರಿನಲ್ಲಿ ಓದಿ ಇಂಗ್ಲಿಷ್ ಅಧ್ಯಾಪಕರಾದ ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ (1937) ಈ ಬಗೆಗೆ ನೆಲೆ ಒದಗಿಸಿದ ಸಂಕಲನಗಳಲ್ಲೊಂದು. 1900ರಲ್ಲಿ ಹುಟ್ಟಿದ ಅವರು ತೊಂಬತ್ತು ತುಂಬಿದ ಮೇಲೆ ‘ದೇವರು’ (1991) ಕೊಟ್ಟರು. ನಂಬಿಕೆಯನ್ನೇ ಒರೆಗೆ ಹಚ್ಚುವ ಆ ಪುಸ್ತಕದಲ್ಲೂ ಧಾಟಿ ಎದುರು ಕೂತು ಮಾತಾಡುವವರದು. ಓದುಗನನ್ನು ಗದರುವುದಿಲ್ಲ, ಜೊತೆಗೆ ಯೋಚಿಸಲು ಕರೆಯುತ್ತದೆ.

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯಲ್ಲಿ ಬೆಳಗಿನ ವಾಕಿಂಗ್ ಮುಗಿಸಿದ ಹಿರಿಯರ ಮಾತೂ ಹೀಗೇ ಸಾಗುತ್ತದೆ: ಮಂಡಿನೋವಿನಿಂದ ಹೊರಟು ತರಕಾರಿ ಬೆಲೆ, ಮೊಮ್ಮಕ್ಕಳ ಓದು, ಚುನಾವಣೆ ಎಲ್ಲ ಮುಟ್ಟಿ ಸಾವಿನವರೆಗೆ. ಬದುಕಿ ತಿಳಿದದ್ದನ್ನು ಉಪದೇಶವಾಗಿಸದೆ ಮುಂದಿನವರಿಗೆ ದಾಟಿಸುವ ದಾರಿ ಇದು. ಆದ್ದರಿಂದ ‘ಬರೀ ಹರಟೆ’ ಎಂದು ತಳ್ಳಿಹಾಕುವ ಮೊದಲು ಕೂತು ಕೇಳಬೇಕು.