ತಲೆಬರಹ ಸರಿದರೆ: ಮರಿಕಲ್ ಕೋಷ್ಟಕದಿಂದ ಕಲಿತದ್ದು

ಮರಿಕಲ್ ಸುತ್ತಿನ ಊರುಗಳು ಯಾವಾಗ ಯಾವ ರಾಜ್ಯ, ಯಾವ ಜಿಲ್ಲೆಗೆ ಸೇರಿದವು ಅಂತ ನಾನೊಂದು ವೆಬ್ ಕೋಷ್ಟಕ ಮಾಡಿದ್ದೆ. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದಾಗ ರಾಯಚೂರು ಮೈಸೂರಿಗೆ ಬಂತು, ಮರಿಕಲ್ ಇದ್ದ ಮಹಬೂಬ್‌ನಗರ ಆಂಧ್ರಪ್ರದೇಶಕ್ಕೆ ಹೋಯಿತು. 2014ರಲ್ಲಿ ತೆಲಂಗಾಣ, 2019ರಲ್ಲಿ ನಾರಾಯಣಪೇಟೆ ಜಿಲ್ಲೆ ಆದವು.

ನನ್ನ ಮ್ಯಾಕ್‌ನ ಸಫಾರಿಯಲ್ಲಿ ಎಲ್ಲ ಸರಿಯಿತ್ತು. ಗೆಳತಿಯ ವಿಂಡೋಸ್‌ನ ಕ್ರೋಮ್‌ನಲ್ಲಿ ಮಾತ್ರ ಬಲತುದಿಯ ಕಿರಿದಾದ ಕಾಲಂಗಳು ಎಡಕ್ಕೆ ಸರಿದು, ಹೊಸ ಜಿಲ್ಲೆಯ ಗುರುತು 2014ರ ಕೆಳಗೆ ಬಿದ್ದಿತ್ತು. "ನಿನ್ನ ಮಾಹಿತೀನೇ ತಪ್ಪು ಕಣೋ" ಅಂದಳು. ನಾನೂ ತಿದ್ದಲು ಕೂತಿದ್ದೆ!

ತಪ್ಪು ಮಾಹಿತಿಯದ್ದಲ್ಲ. ಕೆಳಗೆ ಸರಿಸಿದಾಗಲೂ ತಲೆಬರಹ ಕಾಣಲಿ ಅಂತ ಹಳೆಯ ಗ್ರಿಡ್‌ಗಳು ತಲೆಬರಹಕ್ಕೊಂದು, ಸಾಲುಗಳಿಗೊಂದು ಕೋಷ್ಟಕ ಇಡುತ್ತಿದ್ದವು. ನಾನು ಬಳಸಿದ್ದೂ ಅದನ್ನೇ. ಅಲ್ಲಿ ಸ್ಕ್ರಾಲ್‌ಬಾರ್ ಸಾಲುಗಳ ಅಗಲವನ್ನಷ್ಟೇ ಕಿರಿದು ಮಾಡಿತ್ತು, ತಲೆಬರಹದ್ದನ್ನಲ್ಲ. ಮ್ಯಾಕ್‌ನಲ್ಲಿ ಅದು ಸಾಲುಗಳ ಮೇಲೆಯೇ ತೇಲುತ್ತಿದ್ದರಿಂದ ದೋಷ ಕಾಣಲಿಲ್ಲ. 2021ರ ಕ್ರೋಮ್ 91ರಿಂದ ಇಡೀ ಟಿಹೆಡ್‌ಗೇ ಸ್ಟಿಕಿ ಕೊಡಬಹುದು. ಎರಡನ್ನೂ ಒಂದೇ ಕೋಷ್ಟಕ ಮಾಡಿದೆ, ಸರಿಹೋಯಿತು.

ಹಸ್ತಪ್ರತಿಯನ್ನು ಇನ್ನೊಂದು ಪ್ರತಿಯ ಜೊತೆ ಇಟ್ಟು ಓದುತ್ತೇವಲ್ಲ, ಹಾಗೇ ಕೋಷ್ಟಕವನ್ನೂ ಎರಡು ಬ್ರೌಸರ್‌ಗಳಲ್ಲಿ ನೋಡಿ, ಆಮೇಲೆ ಇಸವಿ ತಿದ್ದೋಣ.