ಸೂಪರ್ ಕಪ್ ಮತ್ತು ದೂರವಾಣಿ ಕಾರ್ಖಾನೆಯ ಹುಡುಗರು

2025ರ ಡಿಸೆಂಬರ್ 7, ಭಾನುವಾರ. ಊಟ ಮುಗಿಸಿ ಮಲಗುವ ಸನ್ನಾಹದಲ್ಲಿದ್ದೆ. ಆಗ ಫೋನು ಬಂತು. ನಮ್ಮ ಬಿಜೈಯಲ್ಲೇ ಹುಟ್ಟಿ ಬೆಳೆದು, ಈಗ ಮಡಗಾಂವಿನಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನ ಕರೆ ಅದು. ಹಿನ್ನೆಲೆಯಲ್ಲಿ ವಾದ್ಯ, ಕೇಕೆ, ಪಟಾಕಿ. ಫತೋರ್ಡಾ ಮೈದಾನದಲ್ಲಿ ಎಫ್.ಸಿ. ಗೋವಾ ತಂಡವು ಈಸ್ಟ್ ಬೆಂಗಾಲನ್ನು ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿ ಸೂಪರ್ ಕಪ್ ಗೆದ್ದಿತ್ತು. 2019ರಲ್ಲಿ ಒಮ್ಮೆ, 2025ರ ಮೇ ತಿಂಗಳಲ್ಲಿ ಇನ್ನೊಮ್ಮೆ, ಇದೀಗ ಮೂರನೆಯದು. ಸಂತೋಷವನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅವನು ಕೇಳಿದ: "ಸರ್, ಈ ಕಪ್ಪಿನಲ್ಲಿ ನಮ್ಮ ಕರ್ನಾಟಕದವರದ್ದು ಏನಾದರೂ ಉಂಟಾ?"

"ಉಂಟು ಮಾರಾಯ, ಬಹಳ ಉಂಟು. ಫೋನಿನಲ್ಲಿ ಹೇಳಿ ಮುಗಿಯುವುದಲ್ಲ, ಬರೆಯುತ್ತೇನೆ" ಎಂದೆ. ಆ ಮಾತನ್ನು ಈಗ ಉಳಿಸಿಕೊಳ್ಳುತ್ತಿದ್ದೇನೆ. ಫುಟ್‌ಬಾಲಿನ ಗಂಧವಿಲ್ಲದ ಬಂಧುಗಳೂ ಈ ಪುಟಗಳನ್ನು ಓದುವುದರಿಂದ ಮೊದಲಿನಿಂದಲೇ ಆರಂಭಿಸುವುದು ಒಳಿತು.

ಬಹುತೇಕ ದೇಶಗಳಲ್ಲಿ ಫುಟ್‌ಬಾಲಿಗೆ ಎರಡು ಬಗೆಯ ಪಂದ್ಯಾವಳಿಗಳಿರುತ್ತವೆ. ಎಲ್ಲರೂ ಎಲ್ಲರೊಡನೆ ಆಡಿ ಅಂಕ ಕೂಡಿಸುವುದು ಲೀಗ್. ಸೋತವರು ಹೊರಬೀಳುತ್ತ ಹೋಗುವುದು ಕಪ್. ಲೀಗ್ ಗೆದ್ದವರಿಗೂ ಕಪ್ ಗೆದ್ದವರಿಗೂ ನಡೆಯುವ ಒಂದೇ ಒಂದು ಪಂದ್ಯವನ್ನು ಸೂಪರ್ ಕಪ್ ಎನ್ನುವುದು ವಾಡಿಕೆ. ಇಂಗ್ಲೆಂಡಿನಲ್ಲಿ 1908ರಲ್ಲಿ ಆರಂಭವಾದ ಚಾರಿಟಿ ಶೀಲ್ಡ್ ಇದೇ ಜಾತಿಯದು. ನಮ್ಮಲ್ಲಿ 1996ರಲ್ಲಿ ರಾಷ್ಟ್ರೀಯ ಲೀಗ್ ಆರಂಭವಾದ ಬಳಿಕ, 1997ರಲ್ಲಿ ಸೂಪರ್ ಕಪ್ ಬಂತು. ಲೀಗ್ ವಿಜೇತರಿಗೂ ಫೆಡರೇಷನ್ ಕಪ್ ವಿಜೇತರಿಗೂ ಪಂದ್ಯ. ಕೆಲವು ವರ್ಷ ನಡೆಯಿತು, ಕೆಲವು ವರ್ಷ ನಡೆಯಲಿಲ್ಲ. ಗೆದ್ದವರೆಲ್ಲ ಕೊಲ್ಕತ್ತಾ, ಗೋವಾ, ಮುಂಬಯಿಯವರು: ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ಸಾಲ್ಗಾಂವ್‌ಕರ್, ಡೆಂಪೊ, ಮಹೀಂದ್ರಾ ಯುನೈಟೆಡ್. ಕರ್ನಾಟಕದ ಹೆಸರಿಲ್ಲ. 2011ರಲ್ಲಿ ಕಡೆಯ ಪಂದ್ಯ ನಡೆಯಿತು. ಬಳಿಕ ಯಾರೂ ಅದನ್ನು ರದ್ದು ಮಾಡಿದೆವೆಂದು ಡಂಗುರ ಹೊಡೆಸಲಿಲ್ಲ. ಮನೆಯ ಹಳೆಯ ಗಡಿಯಾರ ನಿಂತಂತೆ ನಿಂತುಹೋಯಿತು.

ಇಲ್ಲಿ ಕೊಂಚ ಲೆಕ್ಕ ಹಾಕಿ ನೋಡಿ. ಬೆಂಗಳೂರು ಎಫ್.ಸಿ. ತಂಡ ಹುಟ್ಟಿದ್ದು 2013ರಲ್ಲಿ. ಮೊದಲ ಋತುವಿನಲ್ಲೇ, 2014ರಲ್ಲಿ, ಐ-ಲೀಗ್ ಗೆದ್ದಿತು. ಆ ವರ್ಷದ ಫೆಡರೇಷನ್ ಕಪ್ ಚರ್ಚಿಲ್ ಬ್ರದರ್ಸ್ ಪಾಲಾಗಿತ್ತು. 2015ರಲ್ಲಿ ಲೀಗ್ ಮೋಹನ್ ಬಾಗಾನಿಗೆ, ಫೆಡರೇಷನ್ ಕಪ್ ಬೆಂಗಳೂರಿಗೆ. 2016ರಲ್ಲಿ ಲೀಗ್ ಬೆಂಗಳೂರಿಗೆ, ಕಪ್ ಬಾಗಾನಿಗೆ. 2017ರಲ್ಲಿ ಲೀಗ್ ಮಿಜೋರಾಮಿನ ಐಜಾಲ್ ತಂಡಕ್ಕೆ, ಕಪ್ ಮತ್ತೆ ಬೆಂಗಳೂರಿಗೆ. ಅಂದರೆ ಹಳೆಯ ಸೂಪರ್ ಕಪ್ ಜೀವಂತವಿದ್ದಿದ್ದರೆ ಸತತ ನಾಲ್ಕು ವರ್ಷ ಅದರ ಒಂದು ಬದಿಯಲ್ಲಿ ಬೆಂಗಳೂರೇ ಇರುತ್ತಿತ್ತು! ಗಣಿತ ಕಲಿಸಿದ ಮೇಷ್ಟರಿಗೆ ಇಂಥ ಲೆಕ್ಕಗಳಲ್ಲಿ ಏನೋ ಒಂದು ಸುಖ, ಜೊತೆಗೆ ಸ್ವಲ್ಪ ಸಂಕಟ.

ಆದರೆ ಫೆಡರೇಷನ್ ಕಪ್ಪಿನ ಮೂಲಕ್ಕೆ ಹೋದರೆ ಕಥೆ ಬೇರೆಯೇ ಇದೆ. ದೇಶದ ಕ್ಲಬ್‌ಗಳಿಗೆಲ್ಲ ಒಂದು ರಾಷ್ಟ್ರೀಯ ಪಂದ್ಯಾವಳಿ ಇರಲೆಂದು ಫುಟ್‌ಬಾಲ್ ಒಕ್ಕೂಟ ಅದನ್ನು ಆರಂಭಿಸಿದ್ದು 1977ರಲ್ಲಿ, ಎರ್ನಾಕುಲಂನಲ್ಲಿ. ಅಂತಿಮ ಪಂದ್ಯಕ್ಕೆ ಒಂದು ಕಡೆಯಿಂದ ಬಂದವರು ಮೋಹನ್ ಬಾಗಾನ್. ಅದೇ ವರ್ಷ ಪೆಲೆಯಿದ್ದ ಕಾಸ್ಮೋಸ್ ತಂಡದೊಡನೆ ಕೊಲ್ಕತ್ತಾದ ಈಡನ್ ಗಾರ್ಡನ್ಸಿನಲ್ಲಿ 2-2 ಸಮ ಮಾಡಿಕೊಂಡ ತಂಡವದು. ಎದುರಿಗಿದ್ದವರು ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ನೌಕರರು. ಗೆದ್ದವರು ಐ.ಟಿ.ಐ.ಯವರು, 1-0. ದೇಶದ ಮೊತ್ತಮೊದಲ ಫೆಡರೇಷನ್ ಕಪ್ ಬಂದದ್ದು ದೂರವಾಣಿನಗರಕ್ಕೆ.

ನಮ್ಮ ಬಾವ ಆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬೇಸಿಗೆ ರಜೆಯಲ್ಲಿ ಬಿಜೈಗೆ ಬಂದಾಗಲೆಲ್ಲ, ಜಗಲಿಯಲ್ಲಿ ಕುಳಿತು ಹಲಸಿನ ಹಣ್ಣಿನ ತೊಳೆ ಬಿಡಿಸುತ್ತ ಈ ಗೆಲುವಿನ ವರ್ಣನೆ ಆರಂಭಿಸುತ್ತಿದ್ದರು. ಅವರೇನೂ ಎರ್ನಾಕುಲಂಗೆ ಹೋಗಿ ಪಂದ್ಯ ನೋಡಿದವರಲ್ಲ. ಆದರೂ ವರ್ಷ ವರ್ಷಕ್ಕೆ ಆ ಒಂದು ಗೋಲು ಹೆಚ್ಚು ದೂರದಿಂದ ಬರತೊಡಗಿತ್ತು! ಅಕ್ಕ ಒಳಗಿನಿಂದಲೇ "ಈ ವರ್ಷ ಮೈದಾನದ ಆಚೆಯಿಂದಲೇ ಹೊಡೆದನಾ?" ಎಂದು ಕೇಳುತ್ತಿದ್ದಳು. ಬಾವ ನಗುತ್ತಿರಲಿಲ್ಲ. "ನಿಮ್ಮ ಊರಿನ ಪೋಸ್ಟಾಫೀಸಿನಲ್ಲಿ ಉಂಟಲ್ಲ ಕಪ್ಪು ಫೋನು, ಅದನ್ನು ಮಾಡಿದ ಕಾರ್ಖಾನೆಯವರೇ ಮೋಹನ್ ಬಾಗಾನನ್ನು ಸೋಲಿಸಿದ್ದು" ಎನ್ನುತ್ತಿದ್ದರು. ಆ ವಾಕ್ಯದಲ್ಲಿ ಉತ್ಪ್ರೇಕ್ಷೆಯಿರಲಿಲ್ಲ.

ಈಗಿನ ಮಕ್ಕಳಿಗೆ ಕಾರ್ಖಾನೆಯ ತಂಡವೆಂದರೆ ಏನೆಂದು ಹೇಳಬೇಕಾಗುತ್ತದೆ. ಐ.ಟಿ.ಐ., ಎಚ್.ಎ.ಎಲ್. ಮುಂತಾದ ಸರಕಾರಿ ಉದ್ಯಮಗಳು ಒಳ್ಳೆಯ ಆಟಗಾರನಿಗೆ ನೌಕರಿ ಕೊಡುತ್ತಿದ್ದವು. ಸಂಬಳ ಖಚಿತ, ಆಟ ನಿಂತ ಮೇಲೂ ಜೀವನ ಭದ್ರ. ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆಯ ಬಡಮನೆಯ ಹುಡುಗನಿಗೆ ಫುಟ್‌ಬಾಲ್ ಅನ್ನದ ದಾರಿಯಾಗಿದ್ದು ಹೀಗೆ. 1967-68 ಮತ್ತು 1968-69ರಲ್ಲಿ ಮೈಸೂರು ರಾಜ್ಯ ಬೆನ್ನುಬೆನ್ನಿಗೆ ಸಂತೋಷ್ ಟ್ರೋಫಿ ಗೆದ್ದ ಕಾಲದ ಬೇಸಾಯವಿದು. ಟೆಲಿಫೋನಿನ ವ್ಯಾಪಾರ ಕುಸಿದಾಗ ಐ.ಟಿ.ಐ. ಸೊರಗಿತು, ತಂಡವೂ ಸೊರಗಿತು. ಎಚ್.ಎ.ಎಲ್. ತಂಡ ಐ-ಲೀಗಿನ ತನಕ ಹೋಗಿ 2012ರಲ್ಲಿ ಕೆಳಗಿಳಿಯಿತು. ಮರುವರ್ಷ ಬೆಂಗಳೂರು ಎಫ್.ಸಿ. ಬಂತು, ಅದು ಕಾರ್ಖಾನೆಯದಲ್ಲ, ಖಾಸಗಿ ಸಂಸ್ಥೆಯ ವೃತ್ತಿಪರ ಕ್ಲಬ್.

2017ರ ಮೇ 21ರಂದು ಕಟಕ್‌ನಲ್ಲಿ ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯ. ಎದುರಾಳಿ, ನಲವತ್ತು ವರ್ಷಗಳ ಹಿಂದಿನಂತೆ, ಮೋಹನ್ ಬಾಗಾನ್. ಹೆಚ್ಚುವರಿ ಅವಧಿಯಲ್ಲಿ ಕಣ್ಣೂರು ಕಡೆಯ ಹುಡುಗ ಸಿ.ಕೆ. ವಿನೀತ್ ಹೊಡೆದ ಎರಡು ಗೋಲುಗಳಿಂದ ಬೆಂಗಳೂರು ಗೆದ್ದಿತು. ಅದೇ ಕೊನೆಯ ಫೆಡರೇಷನ್ ಕಪ್. ಮೊದಲನೆಯದೂ ಕೊನೆಯದೂ ಬೆಂಗಳೂರಿಗೆ, ಎರಡು ಸಲವೂ ಒಂದೇ ತಂಡವನ್ನು ಸೋಲಿಸಿ! ಬಾವ ಇದನ್ನು ನೋಡಲು ಉಳಿದಿರಲಿಲ್ಲ.

ಮರುವರ್ಷ ಒಕ್ಕೂಟವು ಫೆಡರೇಷನ್ ಕಪ್ಪಿನ ಜಾಗದಲ್ಲಿ ಹೊಸ ಪಂದ್ಯಾವಳಿಯೊಂದನ್ನು ತಂದು, ಅದಕ್ಕೆ ಸೂಪರ್ ಕಪ್ ಎಂಬ ಹಳೆಯ ಹೆಸರಿಟ್ಟಿತು. ಹೆಸರು ಅದೇ, ವಸ್ತು ಬೇರೆ. ಇದು ಇಬ್ಬರ ಪಂದ್ಯವಲ್ಲ, ಐ.ಎಸ್.ಎಲ್. ಮತ್ತು ಐ-ಲೀಗ್ ತಂಡಗಳು ಕೂಡಿ ಆಡುವ ನಾಕೌಟ್. ನನ್ನ ಮಟ್ಟಿಗೆ ಇದು ಹೆಸರು ಬದಲಾಯಿಸಿಕೊಂಡ ಫೆಡರೇಷನ್ ಕಪ್ಪೇ. ದಾಖಲೆಗಳಲ್ಲಿ ಮಾತ್ರ ಹೊಸ ಖಾತೆ ತೆರೆದುದರಿಂದ, ಇಂದಿನ ವಿಜೇತರ ಪಟ್ಟಿ 2018ರಿಂದ ಆರಂಭವಾಗುತ್ತದೆ, ಐ.ಟಿ.ಐ. ಬೇರೆ ಪುಟದಲ್ಲಿ, ಯಾರೂ ತೆರೆಯದ ಪುಟದಲ್ಲಿ, ಉಳಿದುಬಿಟ್ಟಿದೆ.

ಆ ಹೊಸ ಪಟ್ಟಿಯ ಮೊದಲ ಹೆಸರೂ ನಮ್ಮದೇ ಎಂಬುದು ಸಮಾಧಾನ. 2018ರ ಏಪ್ರಿಲ್ 20ರಂದು ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ಮೊದಲ ಗೋಲು ಹೊಡೆದರೂ ಬೆಂಗಳೂರು 4-1ರಿಂದ ಗೆದ್ದಿತು. ಸುನಿಲ್ ಛೇಟ್ರಿ ಎರಡು, ರಾಹುಲ್ ಭೆಕೆ ಮತ್ತು ಮಿಕು ಒಂದೊಂದು. ಮರುವರ್ಷ ಹಲವು ಐ-ಲೀಗ್ ತಂಡಗಳು ಮುನಿಸಿಕೊಂಡು ದೂರ ಉಳಿದವು. ಬಳಿಕ ಕೊರೊನಾ. 2023ರವರೆಗೆ ಕಪ್ಪಿನ ಸುದ್ದಿಯೇ ಇಲ್ಲ.

2023ರಲ್ಲಿ ಪಂದ್ಯಾವಳಿ ಕೇರಳಕ್ಕೆ ಬಂತು. ಏಪ್ರಿಲ್ 25ರಂದು ಅಂತಿಮ ಪಂದ್ಯ ಕೋಝಿಕ್ಕೋಡಿನಲ್ಲಿ, ಬೆಂಗಳೂರಿಗೂ ಒಡಿಶಾಕ್ಕೂ. ಬೆಂಗಳೂರಿನವರಿಗಿಂತ ನಮಗೇ ಹತ್ತಿರ! ಹಳೆಯ ವಿದ್ಯಾರ್ಥಿಗಳಿಬ್ಬರು ಮನೆಯವರ ಆಕ್ಷೇಪವನ್ನು ಲೆಕ್ಕಿಸದೆ ನನ್ನನ್ನು ರೈಲು ಹತ್ತಿಸಿದರು. ಅದಕ್ಕೆ ಏಳು ವಾರಗಳ ಹಿಂದಷ್ಟೇ ರಿಯಾದಿನಲ್ಲಿ ಮೇಘಾಲಯವನ್ನು ಸೋಲಿಸಿ, 54 ವರ್ಷಗಳ ಬಳಿಕ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತ್ತು. ಹಾಗಾಗಿ ಉತ್ಸಾಹದಿಂದಲೇ ಹೋದೆವು. ಮೊದಲ ಅರ್ಧದಲ್ಲೇ ಡಿಯೆಗೊ ಮೌರಿಸಿಯೊ ಎರಡು ಗೋಲು ಹೊಡೆದ. ಕೊನೆಗೆ ಛೇಟ್ರಿ ಪೆನಾಲ್ಟಿಯಲ್ಲಿ ಒಂದನ್ನು ತೀರಿಸಿದರು, ಅಷ್ಟೇ. ಒಡಿಶಾಕ್ಕೆ ಅದು ಮೊದಲ ದೊಡ್ಡ ಪ್ರಶಸ್ತಿ. ಹಿಂದಿರುಗುವ ರೈಲಿನಲ್ಲಿ ಮೂವರೂ ಮಾತಾಡಲಿಲ್ಲ.

"ಇಷ್ಟೆಲ್ಲ ಒದ್ದಾಡುವಷ್ಟು ಬೆಲೆ ಆ ಕಪ್ಪಿಗುಂಟಾ?" ಎಂದು ಮನೆಯಲ್ಲಿ ಕೇಳಿದರು. ಆಗ ಉತ್ತರ ಹೊಳೆಯಲಿಲ್ಲ. ಈಗ ಹೇಳಬಲ್ಲೆ. ಸೂಪರ್ ಕಪ್ ಗೆದ್ದವರಿಗೆ ಏಷ್ಯಾದ ಕ್ಲಬ್ ಪಂದ್ಯಾವಳಿಯ ಬಾಗಿಲು ತೆರೆಯುತ್ತದೆ. 2025ರ ಮೇ ತಿಂಗಳ ಗೆಲುವಿನ ಬಲದಿಂದಲೇ ಗೋವಾ ತಂಡ ಅರ್ಹತಾ ಪಂದ್ಯದಲ್ಲಿ ಒಮಾನಿನ ಅಲ್ ಸೀಬನ್ನು ಸೋಲಿಸಿ, ಅಕ್ಟೋಬರಿನಲ್ಲಿ ಸೌದಿಯ ಅಲ್ ನಸ್ರ್ ತಂಡವನ್ನು ಫತೋರ್ಡಾಕ್ಕೆ ಬರಮಾಡಿಕೊಂಡಿತು. ರೊನಾಲ್ಡೊ ಬರಲಿಲ್ಲವೆಂದು ಜನ ಬೇಸರಪಟ್ಟರು. ಆದರೂ ಗೋವಾ ಸೋತದ್ದು ಕೇವಲ 1-2ರಿಂದ. 1977ರ ಐ.ಟಿ.ಐ. ಹುಡುಗರು ಕಪ್ ಗೆದ್ದ ಮೇಲೆ ಮತ್ತೆ ಕಾರ್ಖಾನೆಯ ಪಾಳಿಗೆ ಮರಳಿದರು.

ಮಡಗಾಂವಿನ ಹುಡುಗನಿಗೆ ಇಷ್ಟು ಉತ್ತರ. ಇನ್ನು ನಿಮ್ಮೆಲ್ಲರಲ್ಲಿ ಒಂದು ವಿನಂತಿ. ನಮ್ಮ ಬಂಧುಗಳಲ್ಲಿ, ಹಳೆಯ ವಿದ್ಯಾರ್ಥಿಗಳ ಹಿರಿಯರಲ್ಲಿ ದೂರವಾಣಿನಗರದಲ್ಲಿ ದುಡಿದವರು ಹಲವರಿದ್ದಾರೆ. ಐ.ಟಿ.ಐ.ಯವರು ಆ ಕಪ್ಪಿನೊಡನೆ ನಿಂತ ಛಾಯಾಚಿತ್ರ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ, ಬಿಜೈ ಕಡೆಗೆ ಬಂದಾಗ ತನ್ನಿ. ಗೋಲು ಹೊಡೆದವನು ಯಾರೆಂದು ಬಾವ ಬೆರಳಿಟ್ಟು ತೋರಿಸುತ್ತಿದ್ದ ಪತ್ರಿಕೆಯ ತುಣುಕನ್ನು ಒಂದು ಮಳೆಗಾಲದಲ್ಲಿ ಗೆದ್ದಲು ತಿಂದುಬಿಟ್ಟಿತು.