ಮದ್ದಿಗೆ ಮಣಿಯದ ಕ್ಯಾನ್ಸರ್: ವಂಶವಾಹಿ ಪರೀಕ್ಷೆ ತಿಳಿಸುವುದೇನು?

ತ್ರಿಪ್ಪುಣಿತ್ತುರದಲ್ಲಿ ನೆಲೆಸಿರುವ ನಮ್ಮವರು ಕ್ಯಾನ್ಸರ್ ಚಿಕಿತ್ಸೆಗೆ ಕೊಚ್ಚಿಯ ಆಸ್ಪತ್ರೆಗಳನ್ನೋ, ರೈಲು ಹಿಡಿದು 1981ರಲ್ಲಿ ಸ್ಥಾಪನೆಯಾದ ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರನ್ನೋ ಆಶ್ರಯಿಸುತ್ತಾರೆ. ಎಲ್ಲಿಗೆ ಹೋದರೂ, ಆರಂಭದಲ್ಲಿ ಗುಣ ತೋರಿದ ಔಷಧವು ಕಾಲಕ್ರಮೇಣ ನಿಷ್ಫಲವಾಗುವ ಸಂಭವವಿದೆ. ಇದನ್ನೇ ಔಷಧ ನಿರೋಧ ಎನ್ನುತ್ತೇವೆ.

ಇದರ ಅತ್ಯಂತ ಸ್ಪಷ್ಟ ನಿದರ್ಶನ ಸಿ.ಎಂ.ಎಲ್. ಎಂಬ ರಕ್ತದ ಕ್ಯಾನ್ಸರ್. 9 ಮತ್ತು 22ನೆಯ ವರ್ಣತಂತುಗಳು ತುಣುಕುಗಳನ್ನು ಅದಲುಬದಲು ಮಾಡಿಕೊಂಡಾಗ ಬಿಸಿಆರ್-ಎಬಿಎಲ್ ಎಂಬ ಬೆರಕೆ ವಂಶವಾಹಿ ಹುಟ್ಟುತ್ತದೆ. ಅದು ತಯಾರಿಸುವ ಕಿಣ್ವವು ಬಿಳಿ ರಕ್ತಕಣಗಳನ್ನು ಮಿತಿಮೀರಿ ಬೆಳೆಸುತ್ತದೆ. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಮಾಟಿನಿಬ್ ಗುಳಿಗೆಯು ಆ ಕಿಣ್ವದ ಸಂದಿಯೊಳಗೆ ಹೊಕ್ಕು ಅದನ್ನು ಸ್ತಬ್ಧಗೊಳಿಸುತ್ತದೆ. ಅದೇ ವರ್ಷವೇ ವಿಜ್ಞಾನಿಗಳು ನಿರೋಧದ ಗುಟ್ಟನ್ನೂ ಕಂಡರು: ಕಿಣ್ವದ 315ನೆಯ ಸ್ಥಾನದಲ್ಲಿ ಥ್ರಿಯೋನಿನ್ ಇರಬೇಕಾದಲ್ಲಿ ಐಸೋಲ್ಯೂಸಿನ್ ಬಂದು ಕುಳಿತರೆ ಗುಳಿಗೆಗೆ ಪ್ರವೇಶವಿಲ್ಲ. ಒಂದೇ ಅಮೈನೋ ಆಮ್ಲದ ವ್ಯತ್ಯಾಸ! ಟಿ315ಐ ಎಂಬ ಈ ಬದಲಾವಣೆಯಿದ್ದವರಿಗೆ ದಾಸಾಟಿನಿಬ್, ನಿಲೋಟಿನಿಬ್‌ಗಳೂ ನಾಟುವುದಿಲ್ಲ. ಪೊನಾಟಿನಿಬ್ ಅಥವಾ ಅಸಿಮಿನಿಬ್ ಬೇಕಾಗುತ್ತದೆ. ಪರೀಕ್ಷಿಸದೆ ಮದ್ದು ಬದಲಿಸಿದರೆ ಹಣವಷ್ಟೇ ಅಲ್ಲ, ಅಮೂಲ್ಯವಾದ ತಿಂಗಳುಗಳೂ ವ್ಯರ್ಥವಾದಾವು.

ಚಿಕಿತ್ಸೆ ಸರಿದಾರಿಯಲ್ಲಿದ್ದರೆ ರಕ್ತದಲ್ಲಿನ ಬಿಸಿಆರ್-ಎಬಿಎಲ್ ಪ್ರಮಾಣವು 3 ತಿಂಗಳಿಗೆ ಶೇ. 10, 6 ತಿಂಗಳಿಗೆ ಶೇ. 1, ವರ್ಷಕ್ಕೆ ಶೇ. 0.1ರ ಮಟ್ಟಕ್ಕೆ ಇಲ್ಲವೇ ಅದಕ್ಕೂ ಕೆಳಗೆ ಇಳಿಯಬೇಕು. ಇಳಿಯದಿದ್ದಾಗ ಕೂಡಲೇ ವಂಶವಾಹಿಯನ್ನು ದೂರುವುದೂ ಸಲ್ಲದು. ಗುಳಿಗೆಯನ್ನು ದಿನವೂ ತಪ್ಪದೆ ನುಂಗಿದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸಬೇಕು. ಹಬ್ಬ, ಪ್ರಯಾಣ, ಹೊಟ್ಟೆ ತೊಳಸುವಿಕೆ ಎಂದು ಮದ್ದು ಬಿಡುವವರು ನಮ್ಮಲ್ಲಿ ಕಡಿಮೆಯಿಲ್ಲ. ವೈದ್ಯರೆದುರು ಅದನ್ನು ಒಪ್ಪಿಕೊಳ್ಳುವವರು ಮಾತ್ರ ಕಡಿಮೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕೂಡ ರಕ್ತದಲ್ಲಿ ಇಮಾಟಿನಿಬ್ ಮಟ್ಟವನ್ನು ತಗ್ಗಿಸುತ್ತದೆ.

ರೋಗಿಯ ಪರೀಕ್ಷೆಯು ಈಗಾಗಲೇ ತಿಳಿದಿರುವ ಬದಲಾವಣೆಗಳನ್ನು ಗುರುತಿಸುತ್ತದೆ. ತಿಳಿಯದವನ್ನು ಹುಡುಕುವ ಬಗೆಯೇ ಬೇರೆ. 2014ರಲ್ಲಿ ಅಮೆರಿಕದ ವಿಜ್ಞಾನಿಗಳು ಕ್ರಿಸ್ಪರ್ ತಂತ್ರದಿಂದ 18,080 ವಂಶವಾಹಿಗಳನ್ನು, ಒಂದು ಕೋಶದಲ್ಲಿ ಒಂದರಂತೆ, ಕೆಡಿಸಿದರು. ಬಳಿಕ ಆ ಚರ್ಮದ ಕ್ಯಾನ್ಸರ್ ಕೋಶಗಳಿಗೆ ವೆಮುರಾಫೆನಿಬ್ ಔಷಧವನ್ನು ಉಣಿಸಿದರು. ಬದುಕುಳಿದ ಕೋಶಗಳಲ್ಲಿ ಯಾವ ವಂಶವಾಹಿ ಕೆಟ್ಟಿದೆಯೆಂದು ಎಣಿಸಿದಾಗ, ಮೊದಲೇ ಗೊತ್ತಿದ್ದ ಎನ್‌ಎಫ್1 ಜೊತೆಗೆ ಎನ್‌ಎಫ್2, ಸಿಯುಎಲ್3 ಎಂಬ ಹೊಸ ಹೆಸರುಗಳೂ ದೊರೆತವು. ಕ್ಯಾನ್ಸರ್ ಕೋಶಗಳು ಮದ್ದನ್ನು ಎದುರಿಸುವ ಬಗೆಯ ಕುರಿತು ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದಲ್ಲಿಯೂ ಸಂಶೋಧನೆ ನಡೆದಿದೆ.

ಇನ್ನೊಂದು ವಿಷಯವನ್ನು ಓದುಗರ ಗಮನಕ್ಕೆ ತರಬಯಸುತ್ತೇವೆ. ಹಳೆಯ ಸ್ಯಾಂಗರ್ ವಿಧಾನಕ್ಕೆ ಬದಲಾವಣೆಯ ಪ್ರಮಾಣ ಸುಮಾರು ಶೇ. 15ರಿಂದ 20ರಷ್ಟಿದ್ದರೆ ಮಾತ್ರ ಕಾಣುತ್ತದೆ. ಹೊಸ ತಲೆಮಾರಿನ ವಿಧಾನಕ್ಕೆ ಶೇ. 3ರಷ್ಟಿದ್ದರೂ ಕಾಣುತ್ತದೆ. ಆದ್ದರಿಂದ ‘ಬದಲಾವಣೆ ಇಲ್ಲ’ ಎಂಬ ವರದಿ ಬಂದಾಗ ಯಾವ ವಿಧಾನದ ವರದಿಯೆಂದು ಕೇಳಿರಿ. ಆಸ್ಪತ್ರೆ ಬದಲಿಸುವಾಗ ಹಳೆಯ ವರದಿಗಳ ಪ್ರತಿಯನ್ನು ಕೈಯಲ್ಲೇ ಒಯ್ಯಿರಿ.